ಮದುವೆಯಲ್ಲಿ ಪವರ್ಡ್ ಸ್ಪೀಕರ್ ಠಪ್ ಅಂತು: ಒಂದು ಪೂರ್ತಿ ಬಂದ್, ಇನ್ನೊಂದು ಬರಬರ. ಎಲ್ಲಿಂದ ನೋಡಬೇಕು?

ರೋಣದ ಸೌಂಡ್ ಹುಡುಗ
ನಮಸ್ಕಾರ ಎಲ್ಲರಿಗೂ. ನನ್ನ ಹತ್ತಿರ ಒಂದು ಜೋಡಿ 15 ಇಂಚಿನ ಪವರ್ಡ್ ಸ್ಪೀಕರ್ ಇವೆ. ಆಂಪ್ಲಿಫೈಯರ್ ಡಬ್ಬಿಯೊಳಗೇ ಇರುತ್ತದಲ್ಲ, ಆ ತರದ್ದು. ಭಜನೆ, ಮದುವೆ, ಸಣ್ಣ ಜಾತ್ರೆಗಳಿಗೆ ಬಾಡಿಗೆಗೆ ಒಯ್ಯುತ್ತೇನೆ.

ಮೊನ್ನೆ ಒಂದು ಮದುವೆಯಲ್ಲಿ ಕರೆಂಟ್ ಹೋಯಿತು, ಜನರೇಟರ್ ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಬಲಗಡೆ ಸ್ಪೀಕರ್ ಠಪ್ ಅಂತು. ಸುಟ್ಟ ವಾಸನೆ ಬಂತು. ಆಮೇಲೆ ಲೈಟೂ ಇಲ್ಲ, ಏನೂ ಇಲ್ಲ. ಎಡಗಡೆಯದ್ದು ನಡೆಯುತ್ತಿದೆ, ಆದರೆ ಸೌಂಡ್ ಏರಿಸಿದರೆ ಬರಬರ ಅನ್ನುತ್ತದೆ. ಢೋಲಕ್ ಬಂದಾಗ ಜಾಸ್ತಿ.

ಒಂದು ರಿಪೇರಿ ಅಂಗಡಿಗೆ ತೋರಿಸಿದೆ. ಬಿಚ್ಚಿ ನೋಡಲೇ ಇಲ್ಲ. "ಎರಡರದ್ದೂ ವೂಫರ್ ಹೋಗಿದೆ, ಒಂದರದ್ದು ಪೂರ್ತಿ ಬೋರ್ಡ್ ಬದಲಿಸಬೇಕು" ಅಂದರು. ವೂಫರ್ ಅಂದರೆ ಡಬ್ಬಿಯೊಳಗೆ ಬಾಸ್ ಕೊಡುವ ದೊಡ್ಡ ಸ್ಪೀಕರ್. ಹೇಳಿದ ರೇಟಿಗೆ ಒಂದು ಹೊಸ ಸ್ಪೀಕರೇ ಬರುತ್ತದೆ. ನನಗೆ ಮಲ್ಟಿಮೀಟರ್ ಹಿಡಿಯಲು ಬರುತ್ತದೆ, ಸೋಲ್ಡರ್ ಕೂಡ ಮಾಡುತ್ತೇನೆ. ಮೊದಲು ಏನು ನೋಡಲಿ?

ಹಾವೇರಿ ಮೈಕ್‌ಸೆಟ್
ಫ್ಯೂಸ್ ಹೋಗಿರುತ್ತದೆ. ಕರೆಂಟ್ ವಯರ್ ಸಿಗಿಸುವ ಸಾಕೆಟ್ ಕೆಳಗೇ ಇರುತ್ತದೆ ನೋಡಿ. ಹೊಸದು ಹಾಕಿ, ಹತ್ತು ರೂಪಾಯಿ ಕೆಲಸ.

ಹುಬ್ಬಳ್ಳಿ ಸೋಲ್ಡರ್ ಕಾಕಾ
ತಮ್ಮಾ, ಸುಮ್ನೆ ಹೊಸ ಫ್ಯೂಸ್ ಹಾಕಿ ಪ್ಲಗ್ ಚುಚ್ಚಬೇಡ. ಮೊದಲು ಹಳೇ ಫ್ಯೂಸ್ ತೆಗೆದು ಬೆಳಕಿಗೆ ಹಿಡಿ. ಗಾಜು ಸ್ವಚ್ಛ ಇದ್ದು ಒಳಗಿನ ತಂತಿ ನಡುವೆ ಮೆತ್ತಗೆ ಕಡಿದಿದ್ದರೆ ಲೋಡ್ ಜಾಸ್ತಿಯಾಗಿದ್ದೋ, ಫ್ಯೂಸಿಗೆ ವಯಸ್ಸಾಗಿದ್ದೋ ಇರಬಹುದು. ಗಾಜಿನ ಒಳಗೆಲ್ಲ ಕಪ್ಪು ಅಥವಾ ಬೆಳ್ಳಿ ಬಣ್ಣ ಬಳಿದ ಹಾಗಿದ್ದರೆ ಒಳಗೆ ನೇರ ಶಾರ್ಟ್ ಆಗಿದೆ ಎಂದೇ ತಿಳಿ. ಆಗ ಹೊಸ ಫ್ಯೂಸೂ ಅದೇ ಕ್ಷಣಕ್ಕೆ ಹಾರುತ್ತದೆ. ಉಳಿದಿದ್ದ ಒಂದೆರಡು ಪಾರ್ಟೂ ಅದರ ಜೊತೆ ಹೋಗಬಹುದು.

ಇನ್ನೊಂದು ಮಾತು. ಬೇಗ ಹಾರುವ ಫ್ಯೂಸ್ ಹಾಕಬೇಡ. ಪವರ್ಡ್ ಸ್ಪೀಕರ್ ಆನ್ ಆಗುವಾಗ ಕರೆಂಟ್ ಕೂಡಿಡುವ ಕೆಪಾಸಿಟರ್ ತುಂಬಲು ಒಮ್ಮೆಲೇ ಕರೆಂಟ್ ಎಳೆಯುತ್ತದೆ. ಅದಕ್ಕೆ ಫ್ಯೂಸ್ ಮೇಲೆ 'ಟಿ' ಅಕ್ಷರ ಇರುವ ನಿಧಾನದ ಫ್ಯೂಸೇ ಬೇಕು. ಆಂಪಿಯರ್ ಹಿಂದೆ ಬರೆದಷ್ಟೇ ಇರಲಿ. ತಂತಿ ಸುತ್ತುವುದಂತೂ ಬೇಡವೇ ಬೇಡ.

ರೋಣದ ಸೌಂಡ್ ಹುಡುಗ
ಕಾಕಾ, ತೆಗೆದು ನೋಡಿದೆ. ಪೂರ್ತಿ ಕಪ್ಪು.

ಹಾವೇರಿ ಮೈಕ್‌ಸೆಟ್
ಹಾಗಾದರೆ ಕಾಕಾ ಹೇಳಿದ್ದೇ ಸರಿ.

ಧಾರವಾಡ ಮಾಸ್ತರ್
ಇದನ್ನು ಎರಡು ಬೇರೆ ಬೇರೆ ತೊಂದರೆ ಎಂದು ನೋಡಬೇಕು. ಒಂದೇ ಹೊತ್ತಿಗೆ ಕಂಡಿತು ಅಂತ ಕಾರಣವೂ ಒಂದೇ ಇರಬೇಕಿಲ್ಲ. ಅಂಗಡಿಯವರು ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದಾರೆ.

ಪವರ್ಡ್ ಸ್ಪೀಕರ್ ಒಳಗೆ ನಾಲ್ಕು ಭಾಗ ಇವೆ. ಮನೆ ಕರೆಂಟನ್ನು ಡಿಸಿ ಮಾಡುವ ಎಸ್‌ಎಂಪಿಎಸ್. ಅದರ ಮುಂದೆ ಆಂಪ್ಲಿಫೈಯರ್, ಸಾಮಾನ್ಯವಾಗಿ ವೂಫರಿಗೆ ಒಂದು, ಹಾರ್ನಿಗೆ ಒಂದು. ಮೈಕ್ ಮತ್ತು ಲೈನ್ ಬರುವ ಇನ್‌ಪುಟ್ ಬೋರ್ಡ್. ಕೊನೆಗೆ ವೂಫರ್ ಮತ್ತು ತೀಕ್ಷ್ಣ ಸ್ವರ ಕೊಡುವ ಹಾರ್ನ್ ಡ್ರೈವರ್. ಲೈಟೇ ಹತ್ತುತ್ತಿಲ್ಲ, ಫ್ಯೂಸ್ ಕಪ್ಪಾಗಿದೆ ಎಂದರೆ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆ. ವೂಫರ್ ಅದರ ನಂತರ.

ವೂಫರ್ ನೋಡುವುದು ಸುಲಭ. ಎರಡೂ ವಯರ್ ಬಿಚ್ಚಿ, ಮೀಟರ್ 200 ಓಮ್‌ನಲ್ಲಿಟ್ಟು ನೋಡಿ. 8 ಓಮ್ ವೂಫರ್ ಮೀಟರಿನಲ್ಲಿ 5ರಿಂದ 7ರ ನಡುವೆ ತೋರಿಸುತ್ತದೆ. 4 ಓಮ್‌ದು 3ರಿಂದ ಮೂರೂವರೆ. 8 ಅಂತ ಬರೆದದ್ದಕ್ಕೆ 6 ತೋರಿಸಿತು ಎಂದು ಹೆದರಬೇಡಿ. ಬರೆದದ್ದು ಎಸಿಗೆ ಒಡ್ಡುವ ತಡೆ, ಮೀಟರ್ ಅಳೆಯುವುದು ಡಿಸಿಯಲ್ಲಿ. ಏನೂ ತೋರಿಸದಿದ್ದರೆ ಒಳಗಿನ ತಂತಿಯ ಸುರುಳಿ, ಅಂದರೆ ಕಾಯಿಲ್, ಕಡಿದಿದೆ.

ಆಮೇಲೆ ವೂಫರ್ ಹೊರಗೆ ತೆಗೆದು ಎರಡೂ ಅಂಗೈಯನ್ನು ಮುಂದಿನ ಬಟ್ಟಲಿನ (ಕೋನ್) ಮೇಲೆ ಸಮನಾಗಿ ಇಟ್ಟು ಮೆಲ್ಲಗೆ ಒತ್ತಿ ಬಿಡಿ. ಯಾವ ಶಬ್ದವೂ ಇಲ್ಲದೆ ಹೋಗಿ ಬರಬೇಕು. ಕರಕರ ಅಂದರೆ ಕಾಯಿಲ್ ಮ್ಯಾಗ್ನೆಟ್‌ಗೆ ತಾಗುತ್ತಿದೆ. ಬಿಸಿಗೆ ಉಬ್ಬಿರಬಹುದು, ಇಲ್ಲವೇ ಸಂದಿಯಲ್ಲಿ ಕಬ್ಬಿಣದ ಚೂರು ಸೇರಿರಬಹುದು.

ಬೆಟಗೇರಿ ಡೆಕ್
ಒಂದೂವರೆ ವೋಲ್ಟ್ ಸೆಲ್ ಮುಟ್ಟಿಸಿ ನೋಡುವುದನ್ನೂ ಹೇಳಿ ಮಾಸ್ತರೇ. ಸೆಲ್‌ನ ಪ್ಲಸ್ಸನ್ನು ಸ್ಪೀಕರಿನ ಪ್ಲಸ್ಸಿಗೆ ಮುಟ್ಟಿಸಿದರೆ ಸಾಮಾನ್ಯವಾಗಿ ಕೋನ್ ಮುಂದೆ ಬರುತ್ತದೆ. ಹಳೇ ಸ್ಪೀಕರ್ ಕೆಲವು ಉಲ್ಟಾ ಇರುತ್ತವೆ. ಹಾರ್ನ್ ಡ್ರೈವರಿಗೆ ಮಾತ್ರ ಸೆಲ್ ಬೇಡ. ಅದರ ಪರದೆ ತೀರ ತೆಳು, ಓಮ್ ನೋಡಿದರೆ ಸಾಕು.

ನವಲಗುಂದ ಅಕ್ಕ
ತಮ್ಮಾ, ಬಿಚ್ಚುವ ಮೊದಲು ಪ್ಲಗ್ ತೆಗೆದು ಸುಮಾರು ಹೊತ್ತು ಬಿಡು. ನಮ್ಮ ಮನೆಯಲ್ಲಿ ಇವರು ಸೌಂಡ್ ಕೆಲಸ ಮಾಡುತ್ತಾರೆ, ಲೆಕ್ಕ ನಾನು ನೋಡುತ್ತೇನೆ. ಪ್ಲಗ್ ತೆಗೆದಿದ್ದೇನೆ ಅಂತ ಕೈ ಹಾಕಿ ಹೊಡೆತ ತಿಂದವರನ್ನು ಕಂಡಿದ್ದೇನೆ.

ಹುಬ್ಬಳ್ಳಿ ಸೋಲ್ಡರ್ ಕಾಕಾ
ಅಕ್ಕಾವ್ರು ಹೇಳಿದ್ದನ್ನು ಎಲ್ಲರೂ ಎರಡು ಸಲ ಓದಿ. 230 ವೋಲ್ಟ್ ಎಸಿ ಬ್ರಿಡ್ಜ್, ಅಂದರೆ ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡಿನ ಪಾರ್ಟು, ದಾಟಿದ ಮೇಲೆ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ಆಗಿ ಕೂತಿರುತ್ತದೆ. ಎಸ್‌ಎಂಪಿಎಸ್ ಕೆಟ್ಟಿದ್ದರೆ ಅದನ್ನು ಖಾಲಿ ಮಾಡುವವರೇ ಇಲ್ಲ. ಗಂಟೆಗಟ್ಟಲೆ ಇರಬಹುದು. ಕೆಲವರು ಸ್ಕ್ರೂಡ್ರೈವರ್ ಅಡ್ಡ ಇಟ್ಟು ಠಪ್ ಅನ್ನಿಸುತ್ತಾರೆ. ಅದು ತಪ್ಪು. ಕಿಡಿ ಕಣ್ಣಿಗೆ ಹಾರುತ್ತದೆ, ಬೋರ್ಡಿನ ತಾಮ್ರವೂ ಕಿತ್ತು ಬರುತ್ತದೆ. ಒಂದು ಹಳೇ 60 ವ್ಯಾಟ್ ತಂತಿ ಬಲ್ಬನ್ನು ಹೋಲ್ಡರಿಗೆ ಹಾಕಿ, ಅದರ ಎರಡು ವಯರನ್ನು ಕೆಪಾಸಿಟರಿನ ಎರಡು ಕಾಲಿಗೆ ಮುಟ್ಟಿಸು. ಬಲ್ಬ್ ಮಿಂಚಿ ಆರುತ್ತದೆ. ಆಮೇಲೆ ಮೀಟರ್ ಇಟ್ಟು ಸೊನ್ನೆ ಬಂತಾ ನೋಡಿಯೇ ಕೈ ಹಾಕು.

ಗದಗ ಹಾರ್ನ್ ಪ್ರೇಮಿ
ಇದಕ್ಕೇ ನಾನು ಹಳೇ ಪದ್ಧತಿ ಒಳ್ಳೆಯದು ಅನ್ನುವುದು. ಒಂದು ಆಂಪ್ಲಿಫೈಯರ್, ಸೌಂಡನ್ನು ಏರು ವೋಲ್ಟೇಜಿನಲ್ಲಿ ಕಳಿಸುವ 100 ವೋಲ್ಟ್ ಲೈನ್, ಗಿಡಕ್ಕೊಂದು ಹಾರ್ನ್. ಸಪೂರ ವಯರಿನಲ್ಲಿ ಊರ ತುಂಬ ಎಳೆಯಬಹುದಿತ್ತು. ಕೆಟ್ಟರೆ ಒಂದು ಹಾರ್ನ್ ಯೂನಿಟ್ ಬದಲಿಸಿದರೆ ಮುಗಿಯಿತು. ಈಗ ಪ್ರತಿ ಡಬ್ಬಿಗೂ ಕರೆಂಟ್ ಎಳೆಯಬೇಕು, ಪ್ರತಿ ಡಬ್ಬಿಯೊಳಗೂ ಒಂದೊಂದು ಬೋರ್ಡ್.

ಹಾವೇರಿ ಮೈಕ್‌ಸೆಟ್
ಹಾರ್ನಿನಲ್ಲಿ ಮದುವೆ ಹಾಡು ಹಾಕಿದರೆ ಇವತ್ತು ಯಾರು ಕರೆಯುತ್ತಾರೆ? ಬಾಸ್ ಎಲ್ಲಿದೆ ಅದರಲ್ಲಿ?

ಗದಗ ಹಾರ್ನ್ ಪ್ರೇಮಿ
ಅಕ್ಷತೆ ಮಂತ್ರಕ್ಕೆ ಬಾಸ್ ಯಾಕೆ ಬೇಕು? ಮಾತು ಸ್ಪಷ್ಟ ಕೇಳಿಸಬೇಕು, ಅಷ್ಟೇ ಅಲ್ವಾ. ಊರ ಪ್ರಕಟಣೆಗೆ ಇವತ್ತಿಗೂ ಹಾರ್ನೇ ಸರಿ.

ಧಾರವಾಡ ಮಾಸ್ತರ್
ಇಬ್ಬರೂ ಸರಿ, ಕೆಲಸ ಬೇರೆ ಬೇರೆ. ಹುಡುಗನ ಸ್ಪೀಕರಿಗೆ ಬರೋಣ. ರೋಣದವರೇ, ಒಂದು ಪ್ರಶ್ನೆ. ಠಪ್ ಅಂದ ಹೊತ್ತಿಗೆ ಹಂದರದಲ್ಲಿ ಲೈಟು ಏನಾದವು?

ರೋಣದ ಸೌಂಡ್ ಹುಡುಗ
ನೀವು ಕೇಳಿದ್ದು ಒಳ್ಳೆಯದಾಯಿತು ಸರ್. ಎಡಗಡೆ ದೊಡ್ಡ ಹ್ಯಾಲೋಜನ್ ಲೈಟು ಇದ್ದವು, ಅವು ಮಂದ ಆದವು. ಬಲಗಡೆ ಅಡುಗೆ ಸಾಲಿನ ಎಲ್‌ಇಡಿ ಬಲ್ಬು ಒಮ್ಮೆ ಜೋರಾಗಿ ಹತ್ತಿ ಮೂರ್ನಾಲ್ಕು ಹೋದವು. ನನ್ನ ಬಲಗಡೆ ಸ್ಪೀಕರ್ ಅದೇ ಪ್ಲಗ್ ಬೋರ್ಡಿನಲ್ಲಿತ್ತು. ಎಡಗಡೆಯದ್ದು ಹ್ಯಾಲೋಜನ್ ಬೋರ್ಡಿನಲ್ಲಿ.

ಲಕ್ಷ್ಮೇಶ್ವರ ಜನರೇಟರ್
ನ್ಯೂಟ್ರಲ್ ಬಿಟ್ಟಿದೆ! ನೂರಕ್ಕೆ ನೂರು. ನಾನು ಇದೇ ದಂಧೆಯಲ್ಲಿದ್ದೇನೆ. ವಿವರ ಹೇಳುತ್ತೇನೆ, ಸೌಂಡ್‌ನವರೆಲ್ಲ ತಿಳಿದಿರಬೇಕು.

ದೊಡ್ಡ ಜನರೇಟರ್ ಮೂರು ಫೇಸ್‌ದು. ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್. ಎರಡು ಫೇಸ್‌ಗಳ ನಡುವೆ ಸುಮಾರು 400. ಲೈಟಿಗೆ ಒಂದು ಫೇಸ್, ಅಡುಗೆಗೆ ಒಂದು, ಹೀಗೆ ಹಂಚುತ್ತೇವೆ. ಕರೆಂಟ್ ವಾಪಸ್ ಹೋಗುವ ವಯರ್, ಅಂದರೆ ನ್ಯೂಟ್ರಲ್, ಎಲ್ಲಕ್ಕೂ ಒಂದೇ. ಅದರ ಬೋಲ್ಟ್ ಸಡಿಲ ಆಗಿ ಬಿಟ್ಟಿತು ಅಂದುಕೊಳ್ಳಿ. ಈಗ ಒಂದು ಫೇಸಿನ ಲೋಡು, ಇನ್ನೊಂದು ಫೇಸಿನ ಲೋಡು ಸಾಲಾಗಿ 400 ವೋಲ್ಟಿಗೆ ಸಿಕ್ಕಿಕೊಳ್ಳುತ್ತವೆ. ಭಾರದ ಲೋಡ್ ಇರುವ ಕಡೆ ವೋಲ್ಟೇಜ್ ಕುಸಿಯುತ್ತದೆ. ಹಗುರ ಲೋಡ್ ಇರುವ ಕಡೆ ಏರುತ್ತದೆ, 300 ದಾಟಿ 400ರ ಹತ್ತಿರಕ್ಕೂ ಹೋಗಬಹುದು. ಹ್ಯಾಲೋಜನ್ ಮಂದ ಆದವು, ಎಲ್‌ಇಡಿ ಸುಟ್ಟವು. ಲೆಕ್ಕ ಕೂಡಿತಲ್ಲ?

ಹಾವೇರಿ ಮೈಕ್‌ಸೆಟ್
ಅಂದರೆ ಎಡಗಡೆ ಸ್ಪೀಕರ್ ಉಳಿದದ್ದೇ ಹ್ಯಾಲೋಜನ್ ಇದ್ದ ಕಾರಣಕ್ಕೆ?

ಲಕ್ಷ್ಮೇಶ್ವರ ಜನರೇಟರ್
ಹೌದು.

ಹುಬ್ಬಳ್ಳಿ ಸೋಲ್ಡರ್ ಕಾಕಾ
ಹಾಗಾದರೆ ಹುಡುಗನಿಗೆ ಒಳ್ಳೆ ಸುದ್ದಿಯೇ ಇರಬಹುದು. ಎಸ್‌ಎಂಪಿಎಸ್ ಬಾಗಿಲಲ್ಲೇ, ಫ್ಯೂಸ್ ಆದ ಕೂಡಲೇ, ಒಂದು ಬಿಲ್ಲೆ ಇರುತ್ತದೆ. ಹೆಚ್ಚಾಗಿ ನೀಲಿ, ಕೆಲವು ಸಲ ಬೇರೆ ಬಣ್ಣ. ಅದು ಎಂಒವಿ. 230 ವೋಲ್ಟಿನಲ್ಲಿ ಅದು ಇದ್ದೂ ಇಲ್ಲದ ಹಾಗೆ ಇರುತ್ತದೆ. ವೋಲ್ಟೇಜ್ ಮಿತಿ ಮೀರಿದರೆ ತಾನೇ ಶಾರ್ಟ್ ಆಗಿ ಫ್ಯೂಸ್ ಹಾರಿಸುತ್ತದೆ. ಹಿಂದಿನ ಪಾರ್ಟು ಉಳಿಯಲಿ ಅಂತಲೇ ಅದನ್ನು ಅಲ್ಲಿಟ್ಟಿರುವುದು. ನೀನು ಕೇಳಿದ ಠಪ್ ಅದೇ ಒಡೆದದ್ದು ಇರಬಹುದು.

ಈ ಸಾಲಿನಲ್ಲಿ ನೋಡುತ್ತಾ ಹೋಗು: ಎಂಒವಿ, ಬ್ರಿಡ್ಜ್, ದೊಡ್ಡ ಕೆಪಾಸಿಟರ್, ಆಮೇಲೆ ಬಿಸಿ ಎಳೆಯುವ ಲೋಹದ ಹೀಟ್‌ಸಿಂಕಿಗೆ ಕಚ್ಚಿಕೊಂಡಿರುವ, ಕರೆಂಟನ್ನು ಸ್ವಿಚ್ ಮಾಡುವ ಮಾಸ್‌ಫೆಟ್. ಕೆಪಾಸಿಟರಿನ ತಲೆ ಉಬ್ಬಿದ್ದರೆ ಅದೂ ಹೋಗಿದೆ. ಅವಕ್ಕೆ 400 ಅಥವಾ 450 ವೋಲ್ಟ್ ರೇಟಿಂಗ್ ಇರುತ್ತದೆ. 400 ವೋಲ್ಟ್ ಎಸಿ ಒಳಗೆ ಬಂದರೆ ಡಿಸಿ 560 ದಾಟುತ್ತದೆ, ತಡೆಯುವುದಿಲ್ಲ. ಮಾಸ್‌ಫೆಟ್‌ನ ಮೂರು ಕಾಲಿನಲ್ಲಿ ಯಾವ ಎರಡು ಕಾಲಿಗೂ ಎರಡೂ ದಿಕ್ಕಿನಲ್ಲಿ ಮೀಟರ್ ಬೀಪ್ ಅನ್ನಬಾರದು.

ಶಿಗ್ಗಾಂವಿ ಡಿಜೆ
ನನ್ನ ಅನುಭವದಲ್ಲಿ ವೂಫರ್ ಹೋಗುವುದು ಪವರ್ ಕಡಿಮೆ ಆದಾಗ. ಆಂಪ್ಲಿಫೈಯರ್ ಚಿಕ್ಕದು, ಸ್ಪೀಕರ್ ದೊಡ್ಡದು ಆದರೆ ಕಾಯಿಲ್ ಸುಡುತ್ತದೆ. ಎಡಗಡೆಯದ್ದು ಅದೇ ಆಗಿರುತ್ತದೆ. ವೋಲ್ಟೇಜ್ ಕುಸಿದಿತ್ತಲ್ಲ.

ಧಾರವಾಡ ಮಾಸ್ತರ್
ಈ ಮಾತು ಎಲ್ಲ ಕಡೆ ಓಡಾಡುತ್ತದೆ, ಪೂರ್ತಿ ಸರಿಯಲ್ಲ. ಕಡಿಮೆ ಪವರ್ ಯಾವ ಕಾಯಿಲನ್ನೂ ಸುಡುವುದಿಲ್ಲ. ಸುಡುವುದು ಶಾಖ. ಚಿಕ್ಕ ಆಂಪ್ಲಿಫೈಯರನ್ನು ಮಿತಿ ಮೀರಿ ಏರಿಸಿದಾಗ ಅಲೆಯ ತಲೆ ಚಪ್ಪಟೆ ಆಗುತ್ತದೆ. ಅದೇ ಎತ್ತರದ ದುಂಡನೆ ಅಲೆಗಿಂತ ಪೂರ್ತಿ ಚೌಕ ಅಲೆಯಲ್ಲಿ ಎರಡು ಪಟ್ಟು ಪವರ್ ಇರುತ್ತದೆ. ಅಂದರೆ 200 ವ್ಯಾಟ್ ಎಂದು ಬರೆದ ಆಂಪ್ಲಿಫೈಯರ್ 400ರ ಹತ್ತಿರ ಕೊಡಬಹುದು. ಆಗ ಕಾಯಿಲಿಗೆ ತಣ್ಣಗಾಗಲು ಬಿಡುವೇ ಸಿಗುವುದಿಲ್ಲ. ಪವರ್ಡ್ ಸ್ಪೀಕರಿನಲ್ಲಿ ಆಂಪ್ಲಿಫೈಯರ್ ಮತ್ತು ವೂಫರ್ ಹೊಂದಿಸಿಯೇ ಇಟ್ಟಿರುತ್ತಾರೆ, ಒಳಗೆ ಪವರ್ ಮಿತಿ ಮೀರದ ಹಾಗೆ ತಡೆಯುವ ಲಿಮಿಟರ್ ಕೂಡ ಇರುತ್ತದೆ.

ಶಿಗ್ಗಾಂವಿ ಡಿಜೆ
ಲಿಮಿಟರ್ ಇದ್ದರೂ ನನ್ನ ಗೆಳೆಯನ ಪವರ್ಡ್ ಸ್ಪೀಕರಿನ ಕಾಯಿಲ್ ಸುಟ್ಟಿತು. ಅದಕ್ಕೆ ಏನು ಹೇಳುತ್ತೀರಿ?

ಧಾರವಾಡ ಮಾಸ್ತರ್
ಸುಡುತ್ತದೆ, ಯಾಕೆ ಅಂದರೆ ಲಿಮಿಟರಿನ ಕೆಂಪು ಲೈಟ್ ಇಡೀ ರಾತ್ರಿ ಹತ್ತಿಯೇ ಇರುತ್ತದೆ. ಆ ಲೈಟ್ ಆಗೊಮ್ಮೆ ಈಗೊಮ್ಮೆ ಮಿನುಗಬೇಕು. ವೂಫರಿಗೆ ಕೊಟ್ಟ ನೂರು ವ್ಯಾಟ್‌ನಲ್ಲಿ ಶಬ್ದ ಆಗುವುದು ಕೆಲವೇ ವ್ಯಾಟ್, ಉಳಿದದ್ದೆಲ್ಲ ಕಾಯಿಲಿನಲ್ಲಿ ಬಿಸಿ. ಕಾಯಿಲ್ ಕಾದಷ್ಟೂ ತಾಮ್ರದ ಓಮ್ ಏರುತ್ತದೆ, ಸೌಂಡ್ ಇಳಿಯುತ್ತದೆ. ಸಂಜೆ ಚೆನ್ನಾಗಿದ್ದ ಸೌಂಡ್ ರಾತ್ರಿ ಕಡಿಮೆ ಅನ್ನಿಸುತ್ತದೆ, ಆಪರೇಟರ್ ಇನ್ನಷ್ಟು ಏರಿಸುತ್ತಾನೆ, ಕಾಯಿಲ್ ಇನ್ನಷ್ಟು ಕಾಯುತ್ತದೆ. ಒಳಗಿನ ಬೋರ್ಡ್ ಬಡಿದುಕೊಳ್ಳುತ್ತಿದ್ದರೂ ನಾವು ಕೇಳಿಸಿಕೊಳ್ಳುವುದಿಲ್ಲ.

ಶಿಗ್ಗಾಂವಿ ಡಿಜೆ
ಜನ ಜೋರಾಗಿ ಬೇಕು ಅಂತಾರೆ ಸರ್. ಕಡಿಮೆ ಇಟ್ಟರೆ ದುಡ್ಡು ಕೊಡುವಾಗ ತಕರಾರು.

ಬೆಟಗೇರಿ ಡೆಕ್
ಜೋರು ಬೇಕು ಅಂದರೆ ಸ್ಪೀಕರ್ ಜನರ ಹತ್ತಿರ ಇಡಿ. ಪವರ್ ಎರಡು ಪಟ್ಟು ಮಾಡಿದರೆ ಸಿಗುವುದು 3 ಡೆಸಿಬೆಲ್. ಬಯಲಿನಲ್ಲಿ ದೂರ ಅರ್ಧ ಮಾಡಿದರೆ 6 ಡೆಸಿಬೆಲ್ ಸಿಗುತ್ತದೆ. ಉದ್ದ ಹಂದರ ಇದ್ದರೆ ನಡುವೆ ಇನ್ನೊಂದು ಜೋಡಿ ನಿಲ್ಲಿಸಿ, ಪ್ರತಿ ಮೀಟರ್ ದೂರಕ್ಕೆ ಸುಮಾರು 3 ಮಿಲಿಸೆಕೆಂಡ್ ಲೆಕ್ಕದಲ್ಲಿ ಆ ಜೋಡಿಯ ಸೌಂಡ್ ತಡವಾಗಿ ಬರುವ ಹಾಗೆ ಡಿಲೇ ಕೊಡಿ. ಇಲ್ಲದಿದ್ದರೆ ಹಿಂದೆ ಕೂತವರಿಗೆ ಮಾತು ಎರಡೆರಡು ಸಲ ಕೇಳಿಸುತ್ತದೆ.

ನವಲಗುಂದ ಅಕ್ಕ
ಜೋರಿನ ಮಾತು ಬಂತಲ್ಲ, ಅದಕ್ಕೆ ಹೇಳುತ್ತೇನೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕಬಾರದು ಎಂದು 2000ದ ಶಬ್ದಮಾಲಿನ್ಯ ನಿಯಮ ಇದೆ. ಹುಬ್ಬಳ್ಳಿ ಗಣಪತಿ ಹೊತ್ತಿಗೆ ಪ್ರತಿ ವರ್ಷ ಇದೇ ಜಗಳ. ಮೊದಲೇ ಬರೆದು ಪರವಾನಗಿ ತಗೊಂಡರೆ ನಿಮ್ಮ ಮಾಲಿಗೇ ಒಳ್ಳೆಯದು.

ಶಿಗ್ಗಾಂವಿ ಡಿಜೆ
ಹಬ್ಬಕ್ಕೆ ಹನ್ನೆರಡರವರೆಗೆ ಬಿಡುತ್ತಾರಲ್ಲ ಅಕ್ಕಾ.

ನವಲಗುಂದ ಅಕ್ಕ
ಬಿಡಬಹುದು, ಬಿಡಲೇಬೇಕು ಅಂತಿಲ್ಲ. ರಾಜ್ಯ ಸರಕಾರ ವರ್ಷಕ್ಕೆ ಎಲ್ಲ ಸೇರಿ 15 ದಿನ ಮೀರದ ಹಾಗೆ ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಹನ್ನೆರಡರವರೆಗೆ ಒಪ್ಪಿಗೆ ಕೊಡಬಹುದು. ಯಾವ ದಿನ ಅಂತ ಆದೇಶದಲ್ಲಿ ಇರುತ್ತದೆ. ಮನೆ ಮದುವೆಗೆ ಅದು ಬರುವುದಿಲ್ಲ.

ತಂಬೂರಿ ಧಾರವಾಡ
ನಾನು ಹಾಡುವವಳು. ಸಣ್ಣ ಬೈಠಕ್‌ಗಳಿಗೂ ಈಗ ಪವರ್ಡ್ ಸ್ಪೀಕರ್ ತರುತ್ತಾರೆ. ತಂಬೂರಿ ಸುಮ್ಮನೆ ಮೀಟುತ್ತಿರುವಾಗ ಸ್ಪೀಕರಿನಿಂದ ಸಣ್ಣಗೆ ಸುಂಯ್ ಅಂತ ಬಂದರೆ ಮನಸ್ಸು ಅಲ್ಲೇ ಹೋಗುತ್ತದೆ. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕೂತು ಕೇಳಿದವರಿಗೆ ಗೊತ್ತು, ಅಲ್ಲಿ ಕಣ್ಣು ಕಾಣದ ಮಕ್ಕಳು ಶ್ರುತಿಯ ಕೂದಲೆಳೆ ವ್ಯತ್ಯಾಸ ಹಿಡಿಯುತ್ತಾರೆ. ಅಂಥ ಕಿವಿಗಳ ಮುಂದೆ ಸ್ಪೀಕರ್ ಇಡುವಾಗ ಜೋರಿಗಿಂತ ಶುದ್ಧ ಮುಖ್ಯ. ಆ ಸುಂಯ್ ಎಲ್ಲಿಂದ ಬರುತ್ತದೆ, ಯಾರಾದರೂ ಹೇಳುತ್ತೀರಾ?

ಬೆಟಗೇರಿ ಡೆಕ್
ಹಿಂದೆ ಮೈಕ್ ಅಥವಾ ಲೈನ್ ಅನ್ನುವ ಸ್ವಿಚ್ ಇರುತ್ತದೆ ಅಕ್ಕಾ. ಮಿಕ್ಸರಿನಿಂದ ಬಂದ ವಯರನ್ನು ಮೈಕ್‌ನಲ್ಲಿಟ್ಟರೆ ಸುಂಯ್ ಜಾಸ್ತಿ, ಹಾಡು ಏರಿದಾಗ ಒಡೆದು ಕೇಳಿಸುತ್ತದೆ. ಲೈನ್‌ಗೆ ಹಾಕಿಸಿ, ಸ್ಪೀಕರಿನ ಗುಂಡಿ ನಡುವೆ ಇಡಿಸಿ, ಮಿಕ್ಸರಿನಿಂದ ಏರಿಸಲು ಹೇಳಿ.

ತಂಬೂರಿ ಧಾರವಾಡ
ಧನ್ಯವಾದ. ಮುಂದಿನ ಸಲ ನಾನೇ ಹೋಗಿ ನೋಡುತ್ತೇನೆ.

ರೋಣದ ಸೌಂಡ್ ಹುಡುಗ
ಬಲಗಡೆಯದ್ದು ಬಿಚ್ಚಿದೆ. ಮೊದಲು ಬಲ್ಬಿನಿಂದ ಕೆಪಾಸಿಟರ್ ಖಾಲಿ ಮಾಡಿದೆ ಕಾಕಾ, ಸಣ್ಣಗೆ ಮಿಂಚಿತು. ಎಂಒವಿ ಎರಡು ಹೋಳಾಗಿದೆ, ಸುತ್ತ ಕಪ್ಪು. ಬ್ರಿಡ್ಜ್‌ನಲ್ಲಿ ಒಂದು ಡಯೋಡ್ ಎರಡೂ ಕಡೆ ಬೀಪ್ ಅನ್ನುತ್ತದೆ. ಕೆಪಾಸಿಟರಿನ ತಲೆ ಸಪಾಟಾಗಿದೆ. ಮಾಸ್‌ಫೆಟ್ ಯಾವುದೂ ಬೀಪ್ ಇಲ್ಲ. ವೂಫರ್ 5.8 ಓಮ್, ಒತ್ತಿದರೆ ಶಬ್ದ ಇಲ್ಲ. ಹಾರ್ನ್ ಡ್ರೈವರ್ 6.1.

ಒಳಗೆ ಫ್ಯಾನ್ ಮತ್ತು ಹೀಟ್‌ಸಿಂಕ್ ತುಂಬ ಅರಿಶಿಣ ಬಣ್ಣದ ಧೂಳು ಕೂತಿದೆ. ದೇವರಗುಡ್ಡದ ಕಡೆ ಒಂದು ಕಾರ್ಯಕ್ರಮಕ್ಕೆ ಒಯ್ದಿದ್ದೆ, ಅಲ್ಲಿ ಭಕ್ತರು ಎರಚುವ ಅರಿಶಿಣ ಪುಡಿ, ಭಂಡಾರ ಅದು.

ಹುಬ್ಬಳ್ಳಿ ಸೋಲ್ಡರ್ ಕಾಕಾ
ಬಹಳ ಚೆನ್ನಾಗಿ ನೋಡಿದ್ದೀಯ. ಅಂಗಡಿಯವರು ಸುಟ್ಟಿದೆ ಅಂದ ವೂಫರ್ ನೆಟ್ಟಗಿದೆ!

ಈಗ ಎಂಒವಿ, ಬ್ರಿಡ್ಜ್, ಫ್ಯೂಸ್ ಮೂರನ್ನೂ ಒಟ್ಟಿಗೆ ಬದಲಿಸು. ಹಳೇ ಬ್ರಿಡ್ಜ್ ಮೇಲಿನ ನಂಬರ್ ನೋಡಿಯೇ ತಗೋ, ಆಂಪಿಯರ್ ಮತ್ತು ವೋಲ್ಟ್ ಅದಕ್ಕಿಂತ ಕಡಿಮೆ ಬೇಡ. ಎಂಒವಿ ಮೇಲಿನ ನಂಬರ್ ಒಡೆದು ಹೋಗಿದ್ದರೆ ಎಡಗಡೆ ಸ್ಪೀಕರ್ ತೆಗೆದು ಅದರಲ್ಲಿ ನೋಡಿಕೊ. ಎಂಒವಿ ಇಲ್ಲದೆಯೂ ಸ್ಪೀಕರ್ ನಡೆಯುತ್ತದೆ, ಕೆಲವರು ಹಾಗೇ ಮುಚ್ಚಿ ಕೊಡುತ್ತಾರೆ. ಮುಂದಿನ ಸಲ ಏರು ವೋಲ್ಟೇಜ್ ಬಂದರೆ ಪೂರ್ತಿ ಬೋರ್ಡ್ ಹೋಗುತ್ತದೆ. ಭಂಡಾರವನ್ನು ಒಣ ಬ್ರಷ್‌ನಿಂದ ತೆಗೆ, ಒದ್ದೆ ಬಟ್ಟೆ ಬೇಡ. ಗಾಳಿ ಹೊಡೆಯುವುದಾದರೆ ಫ್ಯಾನಿನ ರೆಕ್ಕೆ ಬೆರಳಿನಿಂದ ಹಿಡಿದುಕೊ.

ಆಮೇಲೆ ಸೀರೀಸ್ ಬೋರ್ಡ್. ಫೇಸ್ ವಯರಿನ ನಡುವೆ 100 ವ್ಯಾಟ್ ತಂತಿ ಬಲ್ಬ್ ಹಾಕಿ, ಅದರ ಮೂಲಕ ಸ್ಪೀಕರಿಗೆ ಕರೆಂಟ್ ಕೊಡು. ವೂಫರ್, ಹಾರ್ನ್ ಎರಡರ ವಯರೂ ಬಿಚ್ಚಿರಲಿ. ಬಲ್ಬ್ ಒಮ್ಮೆ ಹೊಳೆದು ಮಂದ ಆದರೆ ಶಾರ್ಟ್ ಇಲ್ಲ. ಪೂರ್ತಿ ಹತ್ತಿಯೇ ನಿಂತರೆ ತಕ್ಷಣ ಆಫ್ ಮಾಡು. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬರುವುದಿಲ್ಲ.

ಧಾರವಾಡ ಮಾಸ್ತರ್
ಕಾಕಾ ಅವರ ಮಾತಿಗೆ ಒಂದು ಸೇರಿಸುತ್ತೇನೆ. ವೂಫರ್ ಸಿಗಿಸುವ ಮೊದಲು ಆಂಪ್ಲಿಫೈಯರಿನ ಔಟ್‌ಪುಟ್‌ನಲ್ಲಿ ಡಿಸಿ ನೋಡಲೇಬೇಕು. ಹತ್ತಿಪ್ಪತ್ತು ಮಿಲಿವೋಲ್ಟ್ ಇದ್ದರೆ ತೊಂದರೆ ಇಲ್ಲ. ವೋಲ್ಟುಗಳಲ್ಲಿ ಬಂದರೆ ವೂಫರ್ ಮುಟ್ಟಿಸಬೇಡಿ. ಒಂದು ಮಾಸ್‌ಫೆಟ್ ಶಾರ್ಟ್ ಆಗಿ 70 ವೋಲ್ಟ್ ಡಿಸಿ ನೇರ 6 ಓಮ್ ಕಾಯಿಲಿಗೆ ಹೋದರೆ 800 ವ್ಯಾಟ್‌ಗೂ ಜಾಸ್ತಿ ಬರೀ ಶಾಖ. ಕೋನ್ ಅಲ್ಲಾಡುವುದೂ ಇಲ್ಲ, ಗಾಳಿಯೂ ಸಿಗುವುದಿಲ್ಲ, ಕೆಲವೇ ಸೆಕೆಂಡಿನಲ್ಲಿ ಹೊಗೆ. ಹೊಸ ವೂಫರ್ ಹಾಕಿದ ದಿನವೇ ಸುಟ್ಟಿತು ಎಂದು ಬರುವ ಬಹಳ ಜನರ ಕತೆ ಇದೇ. ವೂಫರ್ ಬದಲಿಸಿರುತ್ತಾರೆ, ಅದನ್ನು ಕೊಂದದ್ದು ಯಾವುದು ಎಂದು ನೋಡಿರುವುದಿಲ್ಲ.

ಮತ್ತೆ, ಮೀಟರಿನ ಎರಡೂ ಕಡ್ಡಿ ಔಟ್‌ಪುಟ್‌ನ ಎರಡು ತುದಿಗೇ ಇಡಿ. ಒಂದನ್ನು ಡಬ್ಬಿಯ ಬಾಡಿಗೆ ಇಡಬೇಡಿ. ಕೆಲವು ಬೋರ್ಡ್ ಎರಡು ಆಂಪ್ಲಿಫೈಯರ್ ಜೋಡಿಸಿ ಬ್ರಿಡ್ಜ್ ಮಾಡಿದ್ದು ಇರುತ್ತವೆ (ಇದು ಡಯೋಡ್ ಬ್ರಿಡ್ಜ್ ಅಲ್ಲ), ಅವುಗಳಲ್ಲಿ ಔಟ್‌ಪುಟ್‌ನ ಎರಡು ತುದಿಯಲ್ಲಿ ಯಾವುದೂ ಗ್ರೌಂಡ್ ಅಲ್ಲ.

ಹಾವೇರಿ ಮೈಕ್‌ಸೆಟ್
ಬ್ರಿಡ್ಜ್, ಎಂಒವಿ ಹುಬ್ಬಳ್ಳಿಯಲ್ಲಿ ಸಿಗುತ್ತವಾ, ಇಲ್ಲಾ ಬೆಂಗಳೂರು ಎಸ್‌ಪಿ ರೋಡಿಗೇ ಹೇಳಬೇಕಾ?

ಹುಬ್ಬಳ್ಳಿ ಸೋಲ್ಡರ್ ಕಾಕಾ
ಇಂಥವು ಹುಬ್ಬಳ್ಳಿಯಲ್ಲೇ ಸಿಗುತ್ತವೆ. ಹಳೇ ಪಾರ್ಟ್ ಕೈಯಲ್ಲಿ ಹಿಡಿದು ಹೋಗಬೇಕು, ಬಾಯಿಮಾತಿನಲ್ಲಿ ಕೇಳಬಾರದು. ಆಂಪ್ಲಿಫೈಯರಿನ ಐಸಿ, ಮಾಸ್‌ಫೆಟ್ ಆದರೆ ನಂಬಿಗಸ್ತರ ಹತ್ತಿರ ಮಾತ್ರ ತಗೋಬೇಕು. ನಂಬರ್ ಒಂದೇ ಇದ್ದು ಒಳಗೆ ಬೇರೆ ಇರುವ ಮಾಲು ಬಹಳ.

ರೋಣದ ಸೌಂಡ್ ಹುಡುಗ
ಬಲಗಡೆಯದ್ದು ಎದ್ದಿತು! ಬಲ್ಬ್ ಹೊಳೆದು ಮಂದ ಆಯಿತು, ಸ್ಪೀಕರಿನ ಹಸಿರು ಲೈಟ್ ಬಂತು. ಔಟ್‌ಪುಟ್‌ನಲ್ಲಿ ಡಿಸಿ 12 ಮಿಲಿವೋಲ್ಟ್. ಆಮೇಲೆ ವೂಫರ್ ಸಿಗಿಸಿ, ಬಲ್ಬ್ ತೆಗೆದು ನೇರ ಕರೆಂಟಿನಲ್ಲಿ ಸಂಜೆಯವರೆಗೆ ಭಜನೆ ಹಾಕಿ ಬಿಟ್ಟಿದ್ದೆ. ಹೀಟ್‌ಸಿಂಕ್ ಬೆಚ್ಚಗೆ ಇದೆ ಅಷ್ಟೇ. ಎಲ್ಲರಿಗೂ ಕೈ ಮುಗಿಯುತ್ತೇನೆ.

ಇನ್ನು ಎಡಗಡೆಯ ಬರಬರ. ವೂಫರ್ 5.7 ಓಮ್, ಒತ್ತಿದರೆ ಕರಕರ ಇಲ್ಲ. ಆದರೂ ಬರಬರ ಇದೆ.

ಬೆಟಗೇರಿ ಡೆಕ್
ಕಾಯಿಲ್ ತಾಗುತ್ತಿಲ್ಲ ಅಂದರೆ ಬೇರೆ ಯಾವುದೋ ಸಡಿಲ ಇದೆ. ಮೊಬೈಲಿನಲ್ಲಿ ಟೋನ್ ಜನರೇಟರ್ ಆಪ್ ಹಾಕಿಕೊಳ್ಳಿ. ಸಣ್ಣ ಸೌಂಡಿನಲ್ಲಿ 40 ಹರ್ಟ್ಜ್‌ನಿಂದ ಶುರು ಮಾಡಿ ಮೆಲ್ಲಗೆ 300ರವರೆಗೆ ಏರಿಸಿ. ಬರಬರ ಎಲ್ಲಿ ಬರುತ್ತದೋ ಅಲ್ಲಿ ನಿಲ್ಲಿಸಿ, ಒಂದೊಂದೇ ಜಾಗ ಕೈಯಿಂದ ಒತ್ತಿ ನೋಡಿ. ಮುಂದಿನ ಜಾಲರಿ, ಹಿಡಿಕೆ, ಸ್ಟ್ಯಾಂಡ್ ತೂತು, ಬೋರ್ಡಿನ ಸ್ಕ್ರೂ, ಕೋನ್ ನಡುವಿನ ಟೋಪಿ, ಒಳಗಿನ ವಯರ್ ಕೋನಿಗೆ ಬಡಿಯುತ್ತಿದೆಯಾ, ಎಲ್ಲ.

ಶಿಗ್ಗಾಂವಿ ಡಿಜೆ
ಸ್ಪೈಡರ್ ಅಂಟು ಬಿಟ್ಟಿದ್ದರೂ ಹೀಗೇ ಆಗುತ್ತದೆ. ಕೋನಿನ ಹಿಂದೆ ಸುಕ್ಕುಸುಕ್ಕಾಗಿ ಇರುವ ಬಟ್ಟೆಯ ಬಿಲ್ಲೆ. ಟಾರ್ಚ್ ಬಿಟ್ಟು ನೋಡಿ.

ರೋಣದ ಸೌಂಡ್ ಹುಡುಗ
ಸಿಕ್ಕಿತು. 90 ಹರ್ಟ್ಜ್ ಹತ್ತಿರ ಜಾಸ್ತಿ ಬಂತು. ಜಾಲರಿ ತೆಗೆದರೂ ಬಂತು. ಕೋನ್ ನಡುವಿನ ಟೋಪಿ ಮೇಲೆ ಬೆರಳು ಇಟ್ಟ ಕೂಡಲೇ ನಿಂತಿತು. ಟೋಪಿಯ ಅಂಚು ಅರ್ಧ ಅಂಟು ಬಿಟ್ಟಿದೆ.

ಬೆಟಗೇರಿ ಡೆಕ್
ಹಾಗಾದರೆ ಕಾಯಿಲ್ ಹಾಕಿಸುವ ಖರ್ಚೇ ಉಳಿಯಿತು. ಒಣಗಿದ ಮೇಲೂ ಸ್ವಲ್ಪ ಬಾಗುವ ಕಪ್ಪು ರಬ್ಬರ್ ಅಂಟು ಬರುತ್ತದೆ, ಸ್ಪೀಕರ್ ರಿಪೇರಿಯವರ ಹತ್ತಿರ ಕೇಳಿ. ಅಂಚಿಗೆ ತೆಳ್ಳಗೆ ಹಚ್ಚಿ, ವೂಫರ್ ಮಲಗಿಸಿ ಒಂದು ರಾತ್ರಿ ಬಿಡಿ. ಕ್ಷಣದಲ್ಲಿ ಹಿಡಿಯುವ ಅಂಟು ಬೇಡ. ಅದು ತೆಳ್ಳಗೆ ಹರಿದು ಕಾಯಿಲಿನ ಸಂದಿಗೆ ಇಳಿದರೆ ಆಗ ನಿಜಕ್ಕೂ ವೂಫರ್ ಹೋಗುತ್ತದೆ.

ಗದಗ ಹಾರ್ನ್ ಪ್ರೇಮಿ
ಬಿಚ್ಚದೇ "ವೂಫರ್ ಹೋಗಿದೆ" ಅನ್ನುವ ಅಂಗಡಿಗಳಿಗೆ ನಾವೇ ದುಡ್ಡು ಕೊಟ್ಟು ಬೆಳೆಸಿದ್ದೇವೆ. ಓಮ್ ಎಷ್ಟು ಬಂತು ಎಂದು ಕೇಳಿ. ಹೇಳದಿದ್ದರೆ ಮಾಲು ವಾಪಸ್ ತನ್ನಿ.

ಹುಬ್ಬಳ್ಳಿ ಸೋಲ್ಡರ್ ಕಾಕಾ
ಎಲ್ಲರೂ ಹಾಗಿಲ್ಲ. ಬೋರ್ಡ್ ಪೂರ್ತಿ ಬದಲಿಸುವುದೇ ಸರಿ ಅನ್ನುವ ಸಂದರ್ಭವೂ ಇದೆ. ತಾಮ್ರದ ದಾರಿ ಸುಟ್ಟು ಕರಿಯಾಗಿದ್ದರೆ, ಮಾಸ್‌ಫೆಟ್ ನಡೆಸುವ ಡ್ರೈವರ್ ಐಸಿ ಸಮೇತ ನಾಲ್ಕು ಮಾಸ್‌ಫೆಟ್ ಹೋಗಿದ್ದರೆ, ಪಾರ್ಟು ಬದಲಿಸಿ ಕೊಟ್ಟದ್ದು ಮುಂದಿನ ಮದುವೆಯಲ್ಲಿ ಕೈಕೊಡುತ್ತದೆ. ಗಿರಾಕಿಗೆ ಬಿಚ್ಚಿ ತೋರಿಸಿ ಹೇಳಬೇಕು, ಅಷ್ಟೇ ನನ್ನ ಮಾತು.

ರೋಣದ ಸೌಂಡ್ ಹುಡುಗ
ಮತ್ತೆ ಹೀಗಾಗದ ಹಾಗೆ ಏನು ಮಾಡಲಿ? ಸ್ಟೆಬಿಲೈಜರ್ ಹಾಕಲಾ?

ಲಕ್ಷ್ಮೇಶ್ವರ ಜನರೇಟರ್
ಸ್ಟೆಬಿಲೈಜರ್ ಬೇಡ ತಮ್ಮಾ, 400 ಬಂದರೆ ಅದೂ ಸುಡಬಹುದು. ಒಳ್ಳೆಯ ಓವರ್ ವೋಲ್ಟೇಜ್ ಪ್ರೊಟೆಕ್ಟರ್ ತಗೋ, ಎಷ್ಟಕ್ಕೆ ಕಟ್ ಆಗಬೇಕು ಎಂದು ನಾವೇ ಇಡುವಂಥದ್ದು. 400ರಲ್ಲೂ ತಾನು ಉಳಿಯುತ್ತದೆ ಎಂದು ಅದರ ಮೇಲೆ ಬರೆದಿರಬೇಕು, ಅದನ್ನು ನೋಡಿ ತಗೋ. ಸ್ಪೀಕರ್, ಮಿಕ್ಸರ್ ಎಲ್ಲ ಅದರ ಹಿಂದೆ ಇರಲಿ. ಎಲ್ಲವನ್ನೂ ಒಂದೇ ಫೇಸಿನಿಂದ ತಗೋ. ಎಡಕ್ಕೊಂದು ಬೋರ್ಡ್, ಬಲಕ್ಕೊಂದು ಬೋರ್ಡ್ ಬೇಡ.

ಜನರೇಟರ್ ಶುರು ಆದ ಕೂಡಲೇ ಪ್ಲಗ್ ಹಾಕಬೇಡ. ಎಲ್ಲ ಲೈಟ್ ಹತ್ತಿ ಲೋಡ್ ಕೂತ ಮೇಲೆ ಮೀಟರ್ ಇಟ್ಟು 230ರ ಆಸುಪಾಸು ಇದೆಯಾ ನೋಡು. ಲೋಡ್ ಇಲ್ಲದಾಗ ಸಡಿಲ ನ್ಯೂಟ್ರಲ್ ಕೂಡ ಸರಿಯಾಗೇ ತೋರಿಸಬಹುದು. ಜನರೇಟರಿನವರಿಗೆ ನ್ಯೂಟ್ರಲ್ ಬೋಲ್ಟ್ ಬಿಗಿ ಮಾಡಿ ಅಂತ ಹೇಳಲು ಸಂಕೋಚ ಬೇಡ. ನಮ್ಮಲ್ಲಿ ಗಾಡಿ ಮೇಲೆ ಕುಲುಕಿ ಕುಲುಕಿ ಬೋಲ್ಟ್ ಸಡಿಲ ಆಗುತ್ತವೆ. ಹೇಳಿದರೆ ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ನವಲಗುಂದ ಅಕ್ಕ
ಅರ್ಥಿಂಗ್ ಪಿನ್ ಕಿತ್ತು ಹಾಕುವ ಚಾಳಿಯೂ ಬೇಡ. ಗುಂಯ್ ಶಬ್ದ ಹೋಗಲಿ ಅಂತ ಕೆಲವರು ಕೀಳುತ್ತಾರೆ. ಮೈಕ್ ಹಿಡಿಯುವವರು ಗುರುಗಳು, ಮದುಮಗ, ಸಣ್ಣ ಮಕ್ಕಳು.

ರೋಣದ ಸೌಂಡ್ ಹುಡುಗ
ಪ್ರೊಟೆಕ್ಟರ್ ತಂದೆ. 400ಕ್ಕೂ ತಡೆಯುತ್ತದೆ ಎಂದು ಬರೆದದ್ದೇ ತಂದಿದ್ದೇನೆ. 265ಕ್ಕೆ ಕಟ್ ಆಗುವ ಹಾಗೆ ಇಟ್ಟಿದ್ದೇನೆ. ಅಂಟು ಒಣಗಿತು, 90 ಹರ್ಟ್ಜ್‌ನಲ್ಲೂ ಎಡಗಡೆಯದ್ದು ಸುಮ್ಮನಿದೆ. ಒಂದೇ ಅನುಮಾನ. ಕಟ್ ಆದ ಮೇಲೆ ಪ್ರೊಟೆಕ್ಟರ್ ತಾನೇ ಮತ್ತೆ ಕರೆಂಟ್ ಕೊಡಲು ಸ್ವಲ್ಪ ಹೊತ್ತು ತಗೊಳ್ಳುತ್ತದೆ. ಮದುವೆ ನಡುವೆ ಅಷ್ಟು ಹೊತ್ತು ಮೈಕ್ ಬಂದ್ ಆದರೆ ಜನ ಬೈಯುತ್ತಾರೆ. ಆ ಸಮಯವನ್ನು ಸೊನ್ನೆ ಮಾಡಬಹುದಾ?

ಲಕ್ಷ್ಮೇಶ್ವರ ಜನರೇಟರ್
ಸೊನ್ನೆ ಮಾಡಬೇಡ. ಬಿಟ್ಟ ನ್ಯೂಟ್ರಲ್ ತಾಗುತ್ತಾ ಬಿಡುತ್ತಾ ಇರುತ್ತದೆ, ಪ್ರತಿ ಸಲ ಸ್ಪೀಕರಿಗೆ ಏಟು. 30 ಸೆಕೆಂಡ್ ಇಡು. ಅಷ್ಟರಲ್ಲಿ ನೀನು ಮೀಟರ್ ಹಿಡಿದು ಬೋರ್ಡ್ ಹತ್ತಿರ ಹೋಗು.